ಮಿಟುಕದ ಕಣ್ಣು

ಅವಳ ಕೆಲಸ ಕಣ್ಣು ಮುಟ್ಟುವುದು.

ಕಸಾಯಿಖಾನೆಯಲ್ಲಿ ಹೋರಿಗಳು ಒಂದರ ಹಿಂದೊಂದು ಕಬ್ಬಿಣದ ಗೂಡಿಗೆ ಬರುತ್ತವೆ. ಮೇಲಿನ ಕಟ್ಟೆಯಲ್ಲಿ ನಿಂತವನು ಹಣೆಗೆ ಪಿಸ್ತೂಲು ಒತ್ತಿ ಕುದುರೆ ಎಳೆಯುತ್ತಾನೆ. ಅದರಿಂದ ಗುಂಡು ಹಾರುವುದಿಲ್ಲ. ಬೆರಳುದ್ದದ ಉಕ್ಕಿನ ಮೊಳೆಯೊಂದು ಚಿಮ್ಮಿ, ಬುರುಡೆ ಒಡೆದು, ಮೆದುಳಿಗೆ ಹೊಕ್ಕು, ಮತ್ತೆ ನಳಿಗೆಯೊಳಕ್ಕೆ ಸೇರಿಕೊಳ್ಳುತ್ತದೆ. ಹೋರಿ ನಾಲ್ಕೂ ಕಾಲು ಮಡಚಿ ಕುಸಿಯುತ್ತದೆ. ಗೂಡಿನ ಪಕ್ಕದ ತಗಡು ಎದ್ದು ಅದು ನೆಲಕ್ಕೆ ಉರುಳುತ್ತದೆ. ಹಿಂಗಾಲಿಗೆ ಸರಪಳಿ ಬೀಳುತ್ತದೆ, ಯಂತ್ರ ಅದನ್ನು ತಲೆಕೆಳಗಾಗಿ ಎತ್ತುತ್ತದೆ. ಕತ್ತು ಕೊಯ್ಯುವವನ ಕೈಗೆ ಸಿಗುವ ಮೊದಲು ಅದರ ಮುಖ ಅವಳ ಎದೆಯ ಮಟ್ಟಕ್ಕೆ ಬಂದು ತೂಗುತ್ತದೆ. ಅವಳು ಕೈಗವಸಿನ ಬೆರಳತುದಿಯಿಂದ ಅದರ ತೆರೆದ ಕಣ್ಣುಗುಡ್ಡೆಯನ್ನು ಮುಟ್ಟುತ್ತಾಳೆ. ರೆಪ್ಪೆ ಅಲುಗದಿದ್ದರೆ "ಇಲ್ಲ" ಎಂದು ಕೂಗುತ್ತಾಳೆ. ಅಲುಗಿದರೆ "ಇದೆ" ಎಂದು.

"ಇಲ್ಲ" ಎಂದರೆ ಚೂರಿ. "ಇದೆ" ಎಂದರೆ ಎಲ್ಲರೂ ಒಂದು ಹೆಜ್ಜೆ ಹಿಂದಕ್ಕೆ, ಮತ್ತೊಂದು ಮೊಳೆ.

ಏನು ಇದೆ, ಏನು ಇಲ್ಲ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕೇಳಿಕೊಂಡು ನಿಂತರೆ ಹಿಂದಿನ ಹೋರಿ ಮುಂದೆ ಬಂದುಬಿಡುತ್ತದೆ.

ಕೆಲಸಕ್ಕೆ ಸೇರಿದ ದಿನ ಕತ್ತು ಕೊಯ್ಯುವ ಮುದುಕ ಅವಳಿಗೆ ಪಾಠ ಹೇಳಿದ್ದ. ಅವನನ್ನು ಎಲ್ಲರೂ ಚೂರಿಮಾವ ಎನ್ನುತ್ತಿದ್ದರು.

"ಕಾಲು ನೋಡ್ಬೇಡ ಮಗಳೇ. ತಲೆ ಹೋದ ಮೇಲೂ ಕಾಲು ಒದೀತಾನೇ ಇರತ್ತೆ. ಮನೆ ಯಜಮಾನ ಸತ್ತಿದ್ದು ಗೊತ್ತಿಲ್ದೆ ಆಳುಗಳು ಕೆಲಸ ಮಾಡ್ತಾರಲ್ಲ, ಹಾಗೆ. ನಿನಗೆ ಒದ್ರೆ ಅದರ ಮೇಲೆ ಸಿಟ್ಟು ಮಾಡ್ಕೊಳ್ಳೋಕಾಗತ್ತಾ? ಪಕ್ಕಕ್ಕೆ ಸರಿ. ಕಣ್ಣೊಂದೇ ನೋಡು."

ಅವಳು ಪಕ್ಕಕ್ಕೆ ಸರಿಯುವುದನ್ನು ಚೆನ್ನಾಗಿ ಕಲಿತಳು. ಅಷ್ಟು ಹೊತ್ತಿಗೆ ಮನೆಯಲ್ಲೂ ಅದೇ ಪಾಠ ಶುರುವಾಗಿತ್ತು.

ಅವಳು ಕೆಲಸಕ್ಕೆ ಸೇರುವ ಮೊದಲು ಮೇಲಿನ ಕಟ್ಟೆಯಲ್ಲಿ ಅವಳ ಗಂಡ ನಿಲ್ಲುತ್ತಿದ್ದ. ಮೊಳೆ ಹೊಡೆಯುವುದು ಅವನ ಕೆಲಸ. ಎರಡನೆಯ ಮೊಳೆ ಅವನಿಗೆ ಬೇಕಾದದ್ದೇ ಅಪರೂಪ. ಅದಕ್ಕೇ ಅವನ ಹೆಸರು ಒಂದೇಟು. ಹೋರಿಯ ಎರಡು ಕಣ್ಣು, ಎರಡು ಕೊಂಬುಗಳ ನಡುವೆ ಮನಸ್ಸಿನಲ್ಲೇ ಎರಡು ಗೆರೆ ಎಳೆದು, ಅವು ಕತ್ತರಿಸುವಲ್ಲಿಗೆ ಕಣ್ಣು ಮುಚ್ಚಿಕೊಂಡೂ ಪಿಸ್ತೂಲು ಇಡಬಲ್ಲೆ ಎನ್ನುತ್ತಿದ್ದ. ಹೋದ ವರ್ಷ ಒಂದು ಹೋರಿಯ ವಿಷಯದಲ್ಲಿ ಆ ಗೆರೆ ತಪ್ಪಿತು. ಬಿದ್ದದ್ದು ಎದ್ದಿತು. ಅರ್ಧ ಒಡೆದ ತಲೆಯನ್ನೇ ಬೀಸಿ, ಕೆಳಗಿಳಿದು ಬಂದಿದ್ದ ಅವನನ್ನು ಕಬ್ಬಿಣದ ಕಂಬಿಗೆ ಅಪ್ಪಳಿಸಿತು. ಅವನ ಹಣೆಯ ಮೂಳೆ ಒಳಕ್ಕೆ ಕುಸಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಚಿತ್ರವೊಂದನ್ನು ಬೆಳಕಿಗೆ ಹಿಡಿದು ತೋರಿಸಿದರು. ಹಣೆಯ ಹಿಂದೆ ಕಪ್ಪಗೆ ಒಂದು ಕಲೆ. "ಸಿಟ್ಟಿಗೆ ಬ್ರೇಕ್ ಹಾಕೋ ಜಾಗ ಇದು. ಬ್ರೇಕ್ ಸ್ವಲ್ಪ ಹೋಗಿದೆ. ಹುಷಾರಾಗಿರಿ," ಎಂದರು. ಕಸಾಯಿಖಾನೆಯವರು ಅವನ ಬದಲಿಗೆ ಅವಳಿಗೆ ಕೆಲಸ ಕೊಟ್ಟರು.

ಮೊದಲ ಸಲ ಅವನು ಕೈ ಎತ್ತಿದ್ದು ಊಟದ ತಟ್ಟೆಯ ಮುಂದೆ. ಯಾಕೆ ಎಂದು ಅವಳಿಗೆ ಈಗಲೂ ಗೊತ್ತಿಲ್ಲ. ಅವನ ಕಣ್ಣು ಎಲ್ಲೋ ದೂರ ನೆಟ್ಟಿತು, ತಟ್ಟೆ ಹಾರಿತು, ಆಮೇಲೆ ಮುಷ್ಟಿ ಅವಳ ಬಾಯಿಯ ಮೇಲೆ ಬಿತ್ತು. ಅದು ಮುಗಿದಾಗ ಅವನು ನೆಲದ ಮೇಲೆ ಕೂತಿದ್ದ. ನೀರು ಕೇಳಿದ. ಕುಡಿದು ಅವಳತ್ತ ನೋಡಿ, "ನಿನ್ನ ತುಟಿಗೇನಾಯ್ತೇ?" ಎಂದ. ಹೇಳಿದಾಗ ಮಗುವಿನಂತೆ ಅತ್ತ. ಆ ಅಳು ನಿಜವಾದದ್ದು. ಅದರಲ್ಲಿ ಅವಳಿಗೆ ಇವತ್ತಿಗೂ ಅನುಮಾನವಿಲ್ಲ.

ಅತ್ತೆ ಅವಳ ತುಟಿಗೆ ಅರಿಶಿನ ಒತ್ತುತ್ತ ಕೂತರು. ಅವರೂ ವಯಸ್ಸಿದ್ದಾಗ ಅಲ್ಲೇ ಕರುಳು ತೊಳೆಯುವ ಕಡೆ ದುಡಿದವರು. "ಅವನಲ್ಲ ಕಣೆ ಹೊಡೆದಿದ್ದು. ತಲೆಗೆ ಏಟು ಬಿದ್ದ ಮೇಲೆ ಕಾಲು ಒದೆಯಲ್ವಾ? ಅದರಲ್ಲಿ ಹಗೆ ಇರತ್ತಾ? ನೀನೇ ದಿನಾ ನೋಡ್ತೀಯ. ನಿನಗೆ ನಾನು ಹೇಳಿಕೊಡ್ಬೇಕಾ?"

ಬೀದಿಯಲ್ಲಿ ಎಲ್ಲ ಮನೆಗಳೂ ಕಸಾಯಿಖಾನೆಯವರದ್ದೇ. ನಲ್ಲಿಯ ಹತ್ತಿರದ ಹೆಂಗಸರು ಅವಳ ಊದಿದ ಕಣ್ಣು ನೋಡಿ, "ಪಾಪ, ಒದೀತಾನಲ್ವಾ ಇನ್ನೂ," ಎನ್ನುತ್ತಿದ್ದರು. ಬೇರೆ ಊರಲ್ಲಾಗಿದ್ದರೆ ಹೊಡೆಯುತ್ತಾನೆ ಎನ್ನುತ್ತಿದ್ದರೇನೋ. ಇಲ್ಲಿ ಎಲ್ಲರಿಗೂ ಒದೆಯುವ ಕಾಲು ಗೊತ್ತಿತ್ತು. ಅದರ ಹಿಂದೆ ಯಾರೂ ಇಲ್ಲದ ಸಂಗತಿಯೂ ಗೊತ್ತಿತ್ತು. ಹೀಗಾಗಿ ಬೀದಿಗೆ ಬೀದಿಯೇ ಅವಳಿಗೆ ಪಕ್ಕಕ್ಕೆ ಸರಿಯಲು ಹೇಳಿಕೊಟ್ಟಿತು. ಅವನ ಕಣ್ಣು ದೂರಕ್ಕೆ ನೆಟ್ಟ ಕೂಡಲೇ ಅತ್ತೆ ಎದ್ದು ಒಳಗಿನಿಂದ ಬಾಗಿಲ ಚಿಲಕ ಹಾಕುತ್ತಿದ್ದರು. ಕಾಯಿಲೆಯವನು ಹೊರಗೆ ಹೋಗಿ ಮಾನ ಕಳೆದುಕೊಳ್ಳಬಾರದು ಎಂದು.

ಕಳೆದ ವಾರದ ತನಕ ಅದು ನಡೆಯಿತು. ಕಳೆದ ವಾರ ಅವನು ಮಗಳು ಪುಟ್ಟಿಯ ತೋಳು ಹಿಡಿದು ಬೀಸಿದ. ಒಣ ಕಟ್ಟಿಗೆ ಮುರಿದ ಸದ್ದು ಬಂತು. ಮುರಿದದ್ದು ತೋಳು ಎಂದು ತಿಳಿಯುವ ಹೊತ್ತಿಗೆ ಮಗಳು ಕಪಾಟಿನ ಕೆಳಗೆ ಬಿದ್ದಿದ್ದಳು. ಈಗ ಅವಳ ಪುಟ್ಟ ಕೈಗೆ ಮೊಣಕೈವರೆಗೆ ಬಿಳಿಯ ಕಟ್ಟು.

ಅಂದು ಅಕ್ಕ ಫೋನು ಮಾಡಿದ್ದಳು. "ಹಿಂದಿನ ಕೋಣೆ ಖಾಲಿ ಇದೆ. ಮಗೂನ ಎತ್ಕೊಂಡು ಬಾ ಅಂತ ಎಷ್ಟು ಸಲ ಹೇಳ್ಲಿ? ಇನ್ನೊಂದು ಕೈನೂ ಮುರೀಲಿ ಅಂತ ಕಾಯ್ತಿದ್ದೀಯಾ?"

"ಆ ಮೈಯೊಳಗೆ ಅವರು ಇಲ್ದೇ ಇದ್ದಾಗ ಆಗಿದ್ದಕ್ಕೆ ಅವರನ್ನ ಬಿಟ್ಟು ಬರ್ಲಾ ಅಕ್ಕ? ನಾಳೆ ನನ್ನ ತಲೆಗೇ ಏಟು ಬಿದ್ರೆ?"

"ಇದ್ದಾಗಲೇ ಮಾಡಿದ್ರೆ?"

"ಇದ್ದಿದ್ರೆ ಚಪ್ಪಲಿ ಮೆಟ್ಟೋಕೂ ನಿಲ್ತಿರ್ಲಿಲ್ಲ."

ಅಂದಿನಿಂದ ಅವಳ ಎದೆಯಲ್ಲಿ ಅದೊಂದೇ ಪ್ರಶ್ನೆ ತೂಗುತ್ತಿತ್ತು. ಇದಾರಾ, ಇಲ್ವಾ.

ಈ ದಿನ ಬೆಳಗ್ಗೆ ಕಟ್ಟೆಯ ಮೇಲೆ ಹೊಸಬ ತಡವರಿಸುತ್ತಿದ್ದ. ಅವನಿಗೆ ಎರಡೇಟು ಎಂದು ಹೆಸರು ಬಿದ್ದು ತಿಂಗಳುಗಳಾಗಿದ್ದವು. ಮೊಳೆ ಸಿಡಿದ ಸದ್ದಾಯಿತು. ದೊಡ್ಡ ಕಂದು ಹೋರಿಯೊಂದು ಉರುಳಿ, ಸರಪಳಿಗೆ ಸಿಕ್ಕಿ, ತಲೆಕೆಳಗಾಗಿ ಅವಳ ಮುಂದೆ ಬಂತು. ಹಣೆಯ ತೂತಿನಿಂದ ರಕ್ತ ಕೊಂಬಿನ ಬುಡಕ್ಕೆ ಸುತ್ತಿ ಹನಿಯುತ್ತಿತ್ತು. ಕಾಲುಗಳು ಗಾಳಿಯನ್ನು ಒದೆಯುತ್ತಿದ್ದವು. ಅವಳು ಕಾಲು ನೋಡಲಿಲ್ಲ. ಕಣ್ಣು ಮುಟ್ಟಿದಳು.

ರೆಪ್ಪೆ ಮುಚ್ಚಿ ತೆರೆಯಿತು.

"ಇದೆ."

ಚೂರಿಮಾವ ಹಿಂದೆ ಸರಿದ. ಎಲ್ಲರೂ ಸರಿದರು. ಎರಡೇಟು ಕೈಪಿಸ್ತೂಲು ಹಿಡಿದು ಓಡಿ ಬಂದ. ಗುರಿ ತಪ್ಪಿ ಎರಡನೆಯ ಮೊಳೆ ಕಣ್ಣಿನ ಮೇಲ್ಭಾಗಕ್ಕೆ ಹೊಕ್ಕಿತು. ಹೋರಿಯ ಗಂಟಲಿನಿಂದ ಹೊರಟ ಸದ್ದು ಇಡೀ ಹಜಾರದ ತಗಡನ್ನು ನಡುಗಿಸಿತು. ಮೂರನೆಯದಕ್ಕೆ ಅದು ತಣ್ಣಗಾಯಿತು. ಅವಳು ಮತ್ತೊಂದು ಕಣ್ಣನ್ನು ಮುಟ್ಟಿ ನೋಡಿ "ಇಲ್ಲ" ಎಂದಳು. ಅವಳ ಏಪ್ರನ್ನಿನ ಮೇಲೆ ರಕ್ತದ ಜೊತೆ ಬೂದು ಬಣ್ಣದ ಮೆತ್ತನೆಯದೇನೋ ಅಂಟಿಕೊಂಡಿತ್ತು.

"ಮೂರೇಟು ಅಂತ ಕರೀಬೇಕೇನಪ್ಪ ಇನ್ಮೇಲೆ?" ಎಂದ ಚೂರಿಮಾವ, ಚೂರಿ ಒರೆಸಿಕೊಳ್ಳುತ್ತ.

"ನಿಮ್ಮ ತಲೆ ಕೊಡಿ ಮಾವ, ಒಂದೇ ಏಟಿಗೆ ಮುಗಿಸ್ತೀನಿ. ಒಳಗೇನೂ ಇಲ್ವಲ್ಲ," ಎಂದ ಎರಡೇಟು. ಯಾರೋ ನಕ್ಕರು.

ವಿರಾಮದಲ್ಲಿ ಅವಳು ಪಶುವೈದ್ಯೆಯ ಕೋಣೆಯ ಬಾಗಿಲಲ್ಲಿ ನಿಂತಳು. ಮೇಡಂ ಚಹಾ ಕುಡಿಯುತ್ತಿದ್ದರು.

"ಮೇಡಂ, ರೆಪ್ಪೆ ಆಡಿದ್ರೆ ಒಳಗೆ ಅದಕ್ಕೆ ಗೊತ್ತಾಗ್ತಿರತ್ತೆ ಅಂತಲಾ?"

"ಹಾಗೇನಿಲ್ಲ. ರೆಪ್ಪೆ ಬಡಿಯೋಕೆ ಮನಸ್ಸು ಬೇಕಾಗಿಲ್ಲ. ಮೆದುಳಿನ ಬುಡದಲ್ಲಿ ಒಂದಿಷ್ಟು ನರ ಸರಿ ಇದ್ರೆ ತಾನಾಗೇ ಬಡಿಯತ್ತೆ. ಎಚ್ಚರ ಇಲ್ದಿರೋರದ್ದೂ ಬಡಿಯತ್ತೆ. ಆ ಬುಡವೂ ಸುಮ್ಮನಾದಾಗ ಮಾತ್ರ ಬಡಿಯಲ್ಲ. ಬುಡವೇ ಹೋಗಿದೆ ಅಂದ್ಮೇಲೆ ಮೇಲೆ ಯಾರೂ ಇರಲ್ಲ. ಅಷ್ಟೇ ನಮಗೆ ಗೊತ್ತಿರೋದು. ಇಲ್ಲ ಅಂತ ಖಚಿತವಾಗಿ ಹೇಳಬಹುದು. ಇದೆ ಅಂತ ಹೇಳೋದು ಅನುಮಾನದಿಂದ."

"ಅನುಮಾನಕ್ಕೆ ಇನ್ನೊಂದು ಮೊಳೆ."

"ನೋವು ತಿನ್ನೋದು ಅದು ತಾನೆ? ಅನುಮಾನದ ಲಾಭ ಅದಕ್ಕೇ ಸಿಗ್ಬೇಕು," ಎಂದು ಮೇಡಂ ಅವಳ ಕುತ್ತಿಗೆಯ ಮೇಲಿನ ಹಳದಿಗಟ್ಟಿದ ಬೆರಳ ಗುರುತುಗಳನ್ನು ನೋಡಿದರು. ಏನೋ ಕೇಳಲು ಬಾಯಿ ತೆರೆದವರು ಚಹಾ ಕುಡಿದರು.

ಅವಳು ಮನೆಗೆ ಬಂದಾಗ ಬಿಸಿಲು ಇನ್ನೂ ಹೊಸ್ತಿಲ ಮೇಲಿತ್ತು. ಒಂದೇ ಕೋಣೆ, ಅದರ ಮೂಲೆಯಲ್ಲಿ ಅಡುಗೆ. ಗಂಡ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಹಣೆಯ ಗುಳಿಯಲ್ಲಿ ಬೆವರು ನಿಂತಿತ್ತು. ಪುಟ್ಟಿ ಕಟ್ಟು ಹಾಕಿದ ಕೈಯ ಮೇಲೆ ಇದ್ದಿಲಿನಿಂದ ಬೆಕ್ಕು ಬರೆಯುತ್ತಿದ್ದಳು. ಅತ್ತೆಗೆ ಪೊರೆ ತೆಗೆಸಿದ ಮೇಲೆ ಸಂಜೆ ಕಣ್ಣಿಗೆ ಔಷಧಿ ಬಿಡಬೇಕಿತ್ತು. ಅವಳು ಕೈ ತೊಳೆದು ಅವರ ತಲೆ ಹಿಂದಕ್ಕೆ ಬಾಗಿಸಿದಳು. ಹನಿ ಕಣ್ಣಿಗೆ ಬೀಳುವ ಮೊದಲೇ ರೆಪ್ಪೆ ಮುಚ್ಚಿತು. ಔಷಧಿ ಕೆನ್ನೆಗೆ ಜಾರಿತು.

"ಮಿಟುಕಿಸ್ಬೇಡಿ ಅತ್ತೆ."

"ನಾನೆಲ್ಲಿ ಮಿಟುಕಿಸ್ದೆ? ಅದೇ ಮುಚ್ಕೊಳ್ಳತ್ತೆ."

"ಸ್ವಲ್ಪ ತಡೀರಿ."

"ತಡಿ ಅಂತ ಹೇಳೋದು ಸುಲಭ. ಮುಚ್ಚೋಕೆ ನಾನು ಬೇಡ, ಮುಚ್ದೆ ಇರೋಕೆ ಇಡೀ ಮೈನ ಬಿಗಿ ಹಿಡ್ಕೊಂಡು ಕೂರ್ಬೇಕು. ನಿನ್ನ ಹೋರಿಗಳಿಗಿಂತ ಕಷ್ಟ ಆಯ್ತಲ್ಲೇ ನನ್ನದು," ಎಂದು ಅತ್ತೆ ಎರಡೂ ಕೈಯಲ್ಲಿ ಸೀರೆಯ ಅಂಚು ಬಿಗಿಯಾಗಿ ಹಿಡಿದರು. ಕುತ್ತಿಗೆಯ ನರ ಉಬ್ಬಿತು. ಹನಿ ಬಿತ್ತು. ನೀರು ತುಂಬಿಕೊಂಡಿತು.

ಪುಟ್ಟಿ ನಕ್ಕಳು. "ಅಮ್ಮ, ಇವತ್ತು ಎರಡೇಟು ಮಾಮ ಎಷ್ಟು ಏಟು ಹೊಡೆದ್ರು?"

"ಮೂರು," ಎಂದುಬಿಟ್ಟಳು ಅವಳು, ಬಾಟಲಿಯ ಮುಚ್ಚಳ ತಿರುಗಿಸುತ್ತ.

"ಅಪ್ಪನೂ ಒಂದು ಸಲ ತಪ್ಪಿ ಹೊಡೆದ್ರು ಅಲ್ವಾ? ಅದಕ್ಕೇ ಹಣೆ ಹಳ್ಳ ಆಗಿದ್ದು."

ಕುರ್ಚಿ ಬಿದ್ದ ಸದ್ದಾಯಿತು. ಅವನು ಎದ್ದು ನಿಂತಿದ್ದ. ಕಣ್ಣು ಎಲ್ಲೋ ದೂರ ನೆಟ್ಟಿತ್ತು.

ಅತ್ತೆ ಒದ್ದೆ ಕಣ್ಣಿನಲ್ಲೇ ಗೋಡೆ ಹಿಡಿದುಕೊಂಡು ಹೋಗಿ ಚಿಲಕ ಹಾಕಿದರು.

ಅವಳು ಪುಟ್ಟಿಯನ್ನು ಮಂಚದ ಕೆಳಗೆ ತಳ್ಳಿದಳು. ತಳ್ಳಿ ಏಳುವಷ್ಟರಲ್ಲಿ ಬೆನ್ನಿಗೆ ಕುರ್ಚಿ ಬಿತ್ತು. ಅದರ ಒಂದು ಕಾಲು ಮುರಿದು ಒಲೆಯತ್ತ ಹಾರಿತು. ಅವನು ಅವಳ ಜಡೆ ಹಿಡಿದು ಎತ್ತಿ ಹಣೆಯನ್ನು ಗೋಡೆಗೆ ಬಡಿದ. ಒಮ್ಮೆ, ಮತ್ತೊಮ್ಮೆ. ಸುಣ್ಣದ ಮೇಲೆ ಕೆಂಪು ಅಂಟಿತು. ಅವಳು ರೂಢಿಯಂತೆ ಮೈ ಸಡಿಲ ಬಿಟ್ಟಳು. ಬಿಗಿಯಾಗಿ ನಿಂತರೆ ಮೂಳೆ ಮುರಿಯುತ್ತದೆ. ಅವನು ಅವಳನ್ನು ತಿರುಗಿಸಿ ಬೆನ್ನನ್ನು ಗೋಡೆಗೆ ಒತ್ತಿ ಒಂದು ಕೈಯಿಂದ ಕತ್ತು ಹಿಸುಕಿದ. ಇನ್ನೊಂದು ಕೈ ಅವಳ ಪಕ್ಕೆಗೆ ಗುದ್ದುತ್ತಿತ್ತು. ಎಂದಿನಂತೆ ಈಗಲೂ ಅವನು ಒಂದು ಮಾತೂ ಆಡುತ್ತಿರಲಿಲ್ಲ. ಮೂಗಿನಿಂದ ಉಸಿರು ಮಾತ್ರ ಬರುತ್ತಿತ್ತು. ಹಳೆಯ ಬೆರಳ ಗುರುತುಗಳ ಮೇಲೆಯೇ ಬೆರಳುಗಳು ಕೂತಿದ್ದವು.

ಅವಳ ಕಿವಿಯಲ್ಲಿ ಯಂತ್ರದ ಸರಪಳಿ ಸುತ್ತುವ ಸದ್ದು ಕೇಳತೊಡಗಿತು. ಅವನ ಮುಖ ಅವಳ ಮುಖದ ಎದುರಿಗೇ ಇತ್ತು, ತುಂಬ ಹತ್ತಿರ. ತೆರೆದ ಕಣ್ಣು, ಅದರಲ್ಲಿ ಕಿಟಕಿಯ ಬೆಳಕಿನ ಒಂದು ಚೌಕ. ಅವಳ ಬಲಗೈ ತಾನಾಗಿ ಮೇಲೆದ್ದಿತು. ಅದು ಯೋಚಿಸಿ ಮಾಡಿದ್ದಲ್ಲ. ದಿನವಿಡೀ ಮಾಡಿದ ಕೆಲಸವನ್ನು ಕೈ ಇನ್ನೊಮ್ಮೆ ಮಾಡಿತು. ಬೆರಳತುದಿ ಅವನ ಕಣ್ಣುಗುಡ್ಡೆಯನ್ನು ಮುಟ್ಟಿತು.

ರೆಪ್ಪೆ ಅಲುಗಲಿಲ್ಲ.

ಇಲ್ಲ, ಎಂದುಕೊಂಡಳು. ಎದೆಯಿಂದ ದೊಡ್ಡ ಭಾರವೊಂದು ಇಳಿಯಿತು. ಇವರು ಇಲ್ಲ. ಇದು ಬರೀ ಒದೆಯುವ ಕಾಲು. ನನ್ನ ಗಂಡ ನನ್ನನ್ನು ಕೊಲ್ಲುತ್ತಿಲ್ಲ. ಸಾಯುವುದಕ್ಕೂ ಅದೊಂದು ಸಮಾಧಾನ ಸಾಕಿತ್ತು. "ಇಲ್ಲ" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಕತ್ತು ಹಿಸುಕಿದ್ದರಿಂದ ಅಲ್ಲೇ ನಿಂತಿತು.

ಆ ನಿಂತ ಗಳಿಗೆಯಲ್ಲಿ ಬೆರಳ ಕೆಳಗೆ ಏನೋ ನಡುಗಿತು. ರೆಪ್ಪೆಯ ಅಂಚು. ಮುಚ್ಚಿಕೊಳ್ಳಲು ಹವಣಿಸುವ ರೆಪ್ಪೆಯನ್ನು ಒಳಗಿನಿಂದ ಯಾರೋ ಎಳೆದು ಹಿಡಿದಂತೆ. ಹುಬ್ಬಿನ ಸ್ನಾಯು ಗಂಟುಗಟ್ಟಿತ್ತು. ಕುತ್ತಿಗೆಯ ನರ ಉಬ್ಬಿತ್ತು. ಗುಡ್ಡೆಯ ಸುತ್ತ ನೀರು ತುಂಬಿ ಕೆನ್ನೆಗೆ ಇಳಿಯಿತು. ಗುದ್ದುತ್ತಿದ್ದ ಇನ್ನೊಂದು ಕೈ ಗಾಳಿಯಲ್ಲಿ ನಿಂತುಬಿಟ್ಟಿತ್ತು. ಇಡೀ ಮೈಯನ್ನು ಬಿಗಿ ಹಿಡಿದು ಅವನು ಆ ಒಂದು ಕಣ್ಣನ್ನು ತೆರೆದಿಟ್ಟುಕೊಂಡಿದ್ದ.

ಮುಚ್ಚುವುದಕ್ಕೆ ಯಾರೂ ಬೇಡ. ಮುಚ್ಚದೆ ಇರುವುದಕ್ಕೆ ಒಬ್ಬ ಬೇಕು.

ಮೆದುಳಿನ ಬುಡ ಹೋಗಿ ನೆಲಕ್ಕೆ ಬಿದ್ದ ಹೋರಿಯ ರೆಪ್ಪೆ ಸುಮ್ಮನಿರುತ್ತದೆ. ಕಾಲ ಮೇಲೆ ನಿಂತು ಗುದ್ದುವವನ ರೆಪ್ಪೆ, ಅವನೊಳಗೆ ಯಾರೂ ಇಲ್ಲದಿದ್ದರೂ, ಬಡಿಯಲೇಬೇಕು. ಅವನು ಅದನ್ನು ಯೋಚಿಸಿರಲಿಲ್ಲ. ಕಟ್ಟೆಯ ಮೇಲೆ ನಿಂತು ಅಷ್ಟು ವರ್ಷ ಆ ಕೂಗು ಕೇಳಿದವನಿಗೆ ಒಂದು ಮಾತು ಮಾತ್ರ ನೆನಪಿತ್ತು: ಅಲುಗದ ಕಣ್ಣಿಗೆ "ಇಲ್ಲ" ಎನ್ನುತ್ತಾರೆ. ಅವಳ ಬೆರಳು ಯಾಕೆ ಬಂತೆಂದು ಅವನಿಗೆ ಗೊತ್ತಾಗಿತ್ತು. "ಇಲ್ಲ" ಎಂದು ಅವಳು ಹೇಳಲಿ ಎಂದು ಕಾಯುತ್ತಿದ್ದ.

ಗಾಯ ಸುಳ್ಳಲ್ಲ. ಮೊದಲ ದಿನದ ಅಳು ಸುಳ್ಳಲ್ಲ. ಆದರೆ ಯಾವತ್ತೋ ಒಂದು ದಿನ ಅವನು ಆ ಗಾಯದ ಹಿಂದೆ ಹೋಗಿ ನಿಲ್ಲುವುದನ್ನು ಕಲಿತಿದ್ದ. ಪುಟ್ಟಿಯ ತೋಳು ಮುರಿದ ದಿನ ಅವನು ಅಲ್ಲಿದ್ದ. ಆ ಸದ್ದನ್ನು ಅವನೂ ಕೇಳಿದ್ದ.

ಕತ್ತಿನ ಮೇಲಿನ ಹಿಡಿತ ಎಷ್ಟೋ ಸಡಿಲವಾಗಿತ್ತು. ಅವಳು ಉಸಿರು ಎಳೆದುಕೊಂಡಳು.

"ಇದೆ."

ಹಜಾರದಲ್ಲಿ ಕೂಗುವ ದನಿಯಲ್ಲೇ ಬಂತು ಅದು. ಅವನ ಕಾಲು ಒಂದು ಹೆಜ್ಜೆ ಹಿಂದಕ್ಕೆ ಹೋಯಿತು. ರೆಪ್ಪೆ ಪಟಪಟನೆ ಬಡಿಯಿತು.

"ಏನಂದೆ?"

ಇಷ್ಟು ದಿನ ಹೊಡೆಯುವಾಗ ಅವನು ಒಂದು ಮಾತೂ ಆಡಿರಲಿಲ್ಲ. ಬಾಗಿಲ ಬಳಿ ಅತ್ತೆ ತಲೆ ಎತ್ತಿದರು.

"ಏನಂದೆ ನೀನು? ನನ್ನ ಕಣ್ಣಿಗೆ ಕೈ ಹಾಕ್ತೀಯಾ? ನಾನೇನು ಹೋರಿನಾ?" ಅವನು ಮುಷ್ಟಿ ಬೀಸಿದ. ಅವಳ ಬಾಯಲ್ಲಿ ಹಲ್ಲೊಂದು ಬೇರಿನಿಂದ ಕಿತ್ತು ನಾಲಿಗೆಯ ಮೇಲೆ ಉರುಳಿತು. ಅವಳು ಬಿದ್ದಳು. "ನನ್ನ ಜಾಗದಲ್ಲಿ ನಿಂತು ಮೆರೀತೀಯಾ? ಎಲ್ಲರೂ ಸೇರ್ಕೊಂಡು ನಗ್ತೀರಾ? ಮಗುಗೂ ಅದನ್ನೇ ಕಲಿಸಿದ್ದೀಯಾ?" ಒಂದೊಂದು ಮಾತಿಗೂ ಒಂದೊಂದು ಒದೆ. ಮಾತು ಎಲ್ಲೂ ತಡವರಿಸಲಿಲ್ಲ. ಎಷ್ಟೋ ದಿನದಿಂದ ಒಳಗೆ ಜೋಡಿಸಿಟ್ಟುಕೊಂಡ ಮಾತು.

ಮುಂದಿನ ಒದೆ ಬರುವಾಗ ಅವಳು ಪಕ್ಕಕ್ಕೆ ಸರಿಯಲಿಲ್ಲ. ಬಂದ ಕಾಲನ್ನು ಎರಡೂ ತೋಳಲ್ಲಿ ತಬ್ಬಿ ಹಿಡಿದು, ಸರಪಳಿಯವರು ಎತ್ತುವಂತೆ ಎತ್ತಿ, ಮೈಯ ಭಾರವನ್ನೆಲ್ಲ ಬಿಟ್ಟು ತಿರುಚಿದಳು. ಮಂಡಿಯಲ್ಲಿ ಏನೋ ಹರಿಯಿತು. ಅವನು ಅಂಗಾತ ಬಿದ್ದು ಅರಚಿದ. ಎದ್ದು ಕೂತು ಅವಳ ಕೂದಲಿಗೆ ಕೈ ಚಾಚಿದ. ಅವಳು ಕುರ್ಚಿಯ ಮುರಿದ ಕಾಲನ್ನು ಎತ್ತಿಕೊಂಡಳು. ಹಣೆಯ ಗುಳಿ ಅವಳ ಎದುರಿಗೇ ಇತ್ತು. ಅಲ್ಲಿ ಚರ್ಮ ತೆಳ್ಳಗೆ, ಅದರ ಕೆಳಗೆ ಮೂಳೆಯಿಲ್ಲ. ಒಂದೇ ಏಟು ಸಾಕಿತ್ತು. ಅದು ಅವನಿಗೂ ಗೊತ್ತಾಯಿತು. ಅವನ ಎರಡೂ ಕೈ ಹಣೆಗೆ ಹೋದವು.

ಅವಳು ಕಟ್ಟಿಗೆಯನ್ನು ಅವನ ಮಣಿಕಟ್ಟಿನ ಮೇಲೆ ಇಳಿಸಿದಳು. ಮೂಳೆ ಮುರಿದ ಸದ್ದು ಅವಳಿಗೆ ಪರಿಚಯದ್ದಾಗಿತ್ತು. ಆಮೇಲೆ ಅದನ್ನು ಬಿಸಾಕಿದಳು.

"ಪುಟ್ಟಿ, ಬಾ."

ಮಗಳು ಮಂಚದ ಕೆಳಗಿನಿಂದ ತೆವಳಿಕೊಂಡು ಬಂದಳು. ಅವಳು ಎತ್ತಿಕೊಂಡಳು. ಪಕ್ಕೆ ಚುಚ್ಚಿತು. ಬಾಯಲ್ಲಿದ್ದ ಹಲ್ಲನ್ನು ಅಂಗೈಗೆ ಉಗುಳಿ ನೋಡಿ ನೆಲಕ್ಕೆ ಹಾಕಿದಳು. ಅವಳ ಬೆನ್ನ ಹಿಂದೆ ಅವನು ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು, "ಏನಾಯ್ತೇ... ನನಗೇನೂ ನೆನಪಾಗ್ತಿಲ್ವಲ್ಲೇ," ಎನ್ನತೊಡಗಿದ್ದ. ಎಂದಿನ ಅಳುವ ದನಿ. ಅವಳು ತಿರುಗಲಿಲ್ಲ.

ಅತ್ತೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಚಿಲಕ ಅವರ ಭುಜದ ಹಿಂದೆ ಇತ್ತು. "ಕಾಯಿಲೆ ಕಣೆ ಅವನಿಗೆ," ಎಂದರು. ದನಿ ಗಟ್ಟಿಯಿರಲಿಲ್ಲ. "ಮಾತಾಡಿದ್ದೂ ಕಾಯಿಲೇಲೇ ಇರಬಹುದು. ಡಾಕ್ಟ್ರೇ ಹೇಳಿಲ್ವಾ?"

"ಕಣ್ಣು ಮುಟ್ಟಿ ನೋಡಿದೆ ಅತ್ತೆ."

ಅತ್ತೆ ಕಾದರು.

"ಮಿಟುಕಿಸ್ಲಿಲ್ಲ."

ಮುದುಕಿಯ ಮುಖದಲ್ಲಿ ಮೊದಲು ಹಗುರವಾದದ್ದೇನೋ ಮೂಡಿತು. ಮಗ ಇಲ್ಲ, ಹಾಗಾದರೆ ಮಗನ ತಪ್ಪಿಲ್ಲ. ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವರ ಕೈ ಸೀರೆಯ ಅಂಚಿಗೆ ಹೋಯಿತು, ಅದನ್ನು ಬಿಗಿಯಾಗಿ ಹಿಡಿಯಿತು, ಹಿಡಿದ ಕೈಯನ್ನೇ ಅವರು ಕೆಳಗೆ ನೋಡಿದರು. ಔಷಧಿಯ ನೀರು ಇನ್ನೂ ಕೆನ್ನೆಯ ಮೇಲಿತ್ತು. ಕೋಣೆಯ ನಡುವಿನಿಂದ ಮಗ "ಅಮ್ಮಾ" ಎಂದ. ಅವರು ಅತ್ತ ತಿರುಗಿದರು, ಎಷ್ಟೋ ಹೊತ್ತು ಅವನ ಕಣ್ಣುಗಳನ್ನೇ ನೋಡಿದರು. ಅವನು ಕಣ್ಣು ತಗ್ಗಿಸಿದ.

ಅತ್ತೆ ತಡಕಾಡಿ ಚಿಲಕ ತೆಗೆದರು.

ಅವಳು ಹೊಸ್ತಿಲು ದಾಟಿದಳು. ಚಪ್ಪಲಿಗಳು ಬಾಗಿಲ ಪಕ್ಕದಲ್ಲೇ ಇದ್ದವು. ನಲ್ಲಿಯ ಹತ್ತಿರದ ಹೆಂಗಸರು ಕೊಡ ಕೆಳಗಿಟ್ಟು ನೋಡುತ್ತಿದ್ದರು. ಅವಳ ಬಾಯಿಂದ ರಕ್ತ ಮಗಳ ಬಿಳಿಯ ಕಟ್ಟಿನ ಮೇಲೆ, ಇದ್ದಿಲಿನ ಬೆಕ್ಕಿನ ಮೇಲೆ ಹನಿಯುತ್ತಿತ್ತು. ರಸ್ತೆಯ ಕಲ್ಲು ಬರಿಗಾಲಿಗೆ ಇನ್ನೂ ಬಿಸಿಯಾಗಿತ್ತು.

"ಅಜ್ಜಿಗೆ ಔಷಧಿ ಯಾರು ಹಾಕ್ತಾರೆ?" ಎಂದಳು ಪುಟ್ಟಿ, ಅವಳ ಕಿವಿಯಲ್ಲಿ.

ಅವಳು ನಡೆಯುತ್ತ ಹಿಂದಿನ ಸದ್ದಿಗೆ ಕಿವಿಗೊಟ್ಟಳು. ಬೀದಿಯ ತಿರುವು ಬರುವವರೆಗೂ ಚಿಲಕ ಬೀಳುವ ಸದ್ದು ಬರಲಿಲ್ಲ. ಬಾಗಿಲು ಹಾಗೇ ತೆರೆದಿತ್ತು.